ಮಕ್ಕಳಿಗಾಗಿ ಬರೆಸಿದ ಎರಡು ವಿಲ್: ಶಿವಮೊಗ್ಗದ ನಮ್ಮ ವಕೀಲರ ಬಗ್ಗೆ

ಮಕ್ಕಳು ಸಣ್ಣವರು, ಇನ್ನೂ ವಿಲ್ ಬರೆಸಿಲ್ಲ ಅನ್ನುವವರು ಆನ್‌ಲೈನ್ ಫಾರ್ಮ್ ತುಂಬುವ ಬದಲು ಇಂಥ ಒಬ್ಬ ವಕೀಲರ ಮುಂದೆ ಹೋಗಿ ಕೂರಿ. ನಾವು ಎರಡನ್ನೂ ನೋಡಿದೆವು. ಆನ್‌ಲೈನಿನದು ಅಗ್ಗ, ಬೇಗ ಮುಗಿಯುತ್ತದೆ. ಆದರೆ ಅದು ಕೇಳುವುದು ಒಂದೇ ಮಾತು, ಯಾವ ಆಸ್ತಿ ಯಾರಿಗೆ ಅಂತ. ಇವರು ಆಸ್ತಿಯ ಮಾತಿಗೆ ಬಂದದ್ದೇ ಕೊನೆಗೆ. ಮೊದಲು ಕೇಳಿದ್ದು, "ಗಂಡ ಹೆಂಡತಿ ಒಂದೇ ಕಾರಲ್ಲಿ ಆಗುಂಬೆ ಘಾಟಿ ಇಳೀತೀರಿ ಅಲ್ವಾ? ಏನಾದರೂ ಆಯ್ತು ಅಂದ್ರೆ ಅವತ್ತು ರಾತ್ರಿ ಮಕ್ಕಳು ಯಾರ ಮನೇಲಿ ಮಲಗ್ತಾರೆ?"

ಪಕ್ಕದಲ್ಲಿ ಕೂತಿದ್ದ ನಮ್ಮ ಅತ್ತೆ "ಬಿಡ್ತು ಅನ್ನಿ" ಅಂತ ಅವರನ್ನೇ ಗದರಿದರು. ವಕೀಲರು "ಬಿಡ್ತು" ಅಂದು, ಮತ್ತೆ ಅದೇ ಪ್ರಶ್ನೆ ಕೇಳಿದರು. ನನಗೆ ಅವರ ಮೇಲೆ ನಂಬಿಕೆ ಬಂದದ್ದು ಅಲ್ಲೇ.

ಮಗಳಿಗೆ ಎಂಟು, ಮಗನಿಗೆ ಮೂರು. ವಿನೋಬನಗರದಲ್ಲಿ ಮನೆ, ಅದು ನಮ್ಮ ಯಜಮಾನರು ದುಡಿದು ಕಟ್ಟಿಸಿದ್ದು, ಸಾಲ ಇನ್ನೂ ತೀರಿಲ್ಲ. ವಕೀಲರು ಒಂದು ಹಳೇ ಕಾಗದದ ಬೆನ್ನಿಗೆ ನಾಲ್ಕು ಚೌಕ ಬರೆದರು. ವಿಲ್ ಇಲ್ಲದೆ ಗಂಡ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ನಾನು, ಇಬ್ಬರು ಮಕ್ಕಳು, ಅತ್ತೆ, ನಾಲ್ವರಿಗೂ ಸಮಪಾಲು. ಅತ್ತೆಗೆ ಪಾಲು ಹೋದರೆ ನನಗೇನೂ ತಕರಾರಿಲ್ಲ. ತೊಡಕು ಇರುವುದು ಮಕ್ಕಳ ಎರಡು ಚೌಕದಲ್ಲಿ. ಅವರಿಗೆ 18 ತುಂಬುವವರೆಗೆ ಹೆತ್ತ ತಾಯಿಯೂ ಆ ಪಾಲನ್ನು ಮಾರುವಂತಿಲ್ಲ, ಅಡ ಇಡುವಂತಿಲ್ಲ. ಅದಕ್ಕೆ ಕೋರ್ಟಿನ ಅನುಮತಿ ಬೇಕು. ಮಕ್ಕಳ ಆಸ್ತಿಯನ್ನು ದೊಡ್ಡವರು ನುಂಗಬಾರದು ಅಂತ ಮಾಡಿದ ನಿಯಮ, ಸರಿಯಾದದ್ದೇ. ಆದರೆ ಕಂತು ಕಟ್ಟಲಾಗದೆ ಮನೆ ಮಾರಿ, ಸಾಲ ತೀರಿಸಿ, ತವರಿನ ಹತ್ತಿರ ಬಾಡಿಗೆಗೆ ಹೋಗೋಣ ಅಂದುಕೊಂಡ ಹೆಂಗಸಿಗೆ ಅದೇ ಕಾಲಿಗೆ ಕಟ್ಟಿದ ಗುಂಡು. ಹಾಗಾಗಿ ಒಬ್ಬರು ಹೋದರೆ ಎಲ್ಲವೂ ಇನ್ನೊಬ್ಬರಿಗೆ, ಇಬ್ಬರೂ ಹೋದರೆ ಮಾತ್ರ ಮಕ್ಕಳಿಗೆ ಅಂತ ಬರೆಸಿದೆವು. ಅತ್ತೆಗೆ ಅದೇ ಮನೆಯಲ್ಲಿ ಜೀವ ಇರುವವರೆಗೂ ವಾಸದ ಹಕ್ಕು. ಈ ಸಾಲನ್ನು ಸೇರಿಸಿ ಅಂದದ್ದು ವಕೀಲರೇ. ಅತ್ತೆ ತಮ್ಮ ಅವಲಕ್ಕಿ ಸರ ಮೊಮ್ಮಗಳಿಗೆ ಅಂತಲೂ ಇದರಲ್ಲೇ ಬರೆಸಲು ನೋಡಿದರು. "ಸರ ನಿಮ್ಮದು, ವಿಲ್ಲೂ ನಿಮ್ಮದೇ ಆಗಬೇಕು ಅಮ್ಮ" ಅಂದರು ವಕೀಲರು.

ಇನ್ನು ಇಬ್ಬರೂ ಇಲ್ಲವಾದರೆ? ಸಾಕುವುದಕ್ಕೆ ಸಾಗರದಲ್ಲಿರುವ ನನ್ನ ಅಕ್ಕ, ಇದರಲ್ಲಿ ಎರಡು ಮಾತಿರಲಿಲ್ಲ. ಅಕ್ಕನ ಹೆಸರಿಗೇ ದುಡ್ಡನ್ನೂ ಬರೆದುಬಿಡೋಣ ಅಂದೆವು. ವಕೀಲರು ತಲೆ ಅಲ್ಲಾಡಿಸಿದರು. "ಸಾಕೋರು ಒಬ್ಬರಿರಲಿ, ದುಡ್ಡು ಹಿಡಿಯೋರು ಇನ್ನೊಬ್ಬರಿರಲಿ. ಒಬ್ಬರು ಕೇಳಿ ತಗೋಬೇಕು, ಇನ್ನೊಬ್ಬರು ಲೆಕ್ಕ ಬರೆದು ಕೊಡಬೇಕು." ಹಾಗೆ ದುಡ್ಡಿನ ಜವಾಬ್ದಾರಿ ನನ್ನ ಮೈದುನನಿಗೆ ಹೋಯಿತು. ಬರೀ ಗಾರ್ಡಿಯನ್ ಅಂತ ಬರೆದರೆ 18 ತುಂಬಿದ ದಿನ ಅವರ ಅಧಿಕಾರ ಮುಗಿಯಿತು, ಇಡೀ ಗಂಟು ಹುಡುಗನ ಕೈಗೆ. "ಆ ವಯಸ್ಸಲ್ಲಿ ನನ್ನ ಕೈಗೆ ಸಿಕ್ಕಿದ್ರೆ ಮಾರನೇ ದಿನ ಬುಲೆಟ್ ತರ್ತಿದ್ದೆ" ಅಂದರು ನಮ್ಮ ಯಜಮಾನರು. ಅದಕ್ಕೇ ವಿಲ್ ಒಳಗೇ ಒಂದು ಟ್ರಸ್ಟ್ ಮಾಡಿಸಿದ್ದಾರೆ. 25ರವರೆಗೆ ಫೀಸು, ಆಸ್ಪತ್ರೆ, ಊಟ ಬಟ್ಟೆಗೆ ಮೈದುನ ಕೊಡುತ್ತಾ ಹೋಗಬೇಕು, ಆಮೇಲೆ ಉಳಿದದ್ದು ಮಕ್ಕಳಿಗೆ. ನಾವು ನೋಡಿದ ಆನ್‌ಲೈನ್ ಫಾರ್ಮಿನಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ಇಬ್ಬರೂ ಬೇರೆ ಬೇರೆ ವಿಲ್ ಮಾಡಿ, ಗಾರ್ಡಿಯನ್ ಹೆಸರು ಮಾತ್ರ ಎರಡರಲ್ಲೂ ಒಂದೇ ಇರಲಿ ಅಂತ ವಕೀಲರು ಹಟ ಹಿಡಿದರು. ಅಪ್ಪ ವಿಲ್‌ನಲ್ಲಿ ಬರೆದ ಗಾರ್ಡಿಯನ್‌ಗೆ ಅಮ್ಮ ಇರುವವರೆಗೆ ಬೆಲೆ ಇಲ್ಲ. ಅಮ್ಮನೂ ಯಾರನ್ನೂ ಹೆಸರಿಸದೆ ತೀರಿಕೊಂಡರೆ ಮಾತ್ರ ಅದಕ್ಕೆ ಮತ್ತೆ ಜೀವ ಬರುತ್ತದೆ. ಅಮ್ಮ ಬೇರೆ ಹೆಸರು ಬರೆದಿದ್ದರೆ ಅದೇ ನಿಲ್ಲುತ್ತದೆ. "ಅಕ್ಕನನ್ನ ಕೇಳಿದ್ದೀರಾ?" ಅಂತ ಅಲ್ಲೇ ಫೋನ್ ಮಾಡಿಸಿದರು. ಅಕ್ಕ, "ಇದನ್ನ ಕೇಳಬೇಕೇನೇ? ಭಾವನಿಗೆ ಮಾತ್ರ ನೀನೇ ಒಂದು ಮಾತು ಹೇಳು" ಅಂದಳು.

ಪಾಲಿಸಿಗಳನ್ನೂ ಬಿಡಲಿಲ್ಲ. ಒಂದರಲ್ಲಿ ನಾಮಿನಿ ಮಗಳು, ಅವಳ ಪರವಾಗಿ ದುಡ್ಡು ಪಡೆಯಬೇಕಾದ ಅಪಾಯಿಂಟಿ ನಮ್ಮ ಮಾವ. ಅವರು ತೀರಿಹೋಗಿದ್ದಾರೆ. ಸುಮ್ನೆ ಫೈಲಿನಲ್ಲಿ ಬಿದ್ದಿದ್ದ ಕಾಗದ, ಇವರು ತಿರುವಿ ನೋಡದಿದ್ದರೆ ಹಾಗೇ ಇರುತ್ತಿತ್ತು. ಬ್ಯಾಂಕಿನ ನಾಮಿನಿ ಅಂದರೆ ದುಡ್ಡು ಪಡೆದು ವಾರಸುದಾರರಿಗೆ ತಲುಪಿಸುವವರು ಅಷ್ಟೇ, ಮಾಲೀಕರಲ್ಲ ಅಂತಲೂ ಬಿಡಿಸಿ ಹೇಳಿದರು.

ಸಾಕ್ಷಿಗೆ ಯಜಮಾನರ ರಿಟೈರ್ಡ್ ಮೇಷ್ಟ್ರನ್ನು ಕರೆದುಕೊಂಡು ಹೋದರೆ ಒಪ್ಪಲಿಲ್ಲ. ಎರಡು ಸಾಕ್ಷಿ ಬೇಕೇ ಬೇಕು, ಆಸ್ತಿ ಪಡೆಯುವವರು ಬೇಡ, ನಮಗಿಂತ ಚಿಕ್ಕವರಾದರೆ ಒಳ್ಳೆಯದು. ಮುಂದೆ ಯಾರಾದರೂ ತಕರಾರು ತೆಗೆದರೆ ಕೋರ್ಟಿನಲ್ಲಿ ನಿಂತು "ನಾನು ನೋಡ್ತಿದ್ದಂತೆ ಸಹಿ ಮಾಡಿದರು" ಅನ್ನಲು ಅವರು ಬದುಕಿರಬೇಕಲ್ಲ. ರಿಜಿಸ್ಟರ್ ಮಾಡಿಸಿದರೂ ಸಾಕ್ಷಿಯ ಕೆಲಸ ತಪ್ಪುವುದಿಲ್ಲವಂತೆ. ರಿಜಿಸ್ಟರ್ ಕಡ್ಡಾಯವಲ್ಲ, ಸ್ಟಾಂಪ್ ಡ್ಯೂಟಿಯೂ ಇಲ್ಲ. ಆದರೂ ಮಾಡಿಸಿದೆವು.

ಬೇಜಾರಾದದ್ದೂ ಇದೆ. ಮಾತಿನ ಮಧ್ಯೆ ಫೋನು ನಿಲ್ಲುವುದೇ ಇಲ್ಲ. ಮೊದಲ ಕರಡಿನ ಒಂದು ವಾಕ್ಯ ಮುಕ್ಕಾಲು ಪುಟ ಇತ್ತು. ನನ್ನ ಅಕ್ಕ ಓದಿದರೆ ಅರ್ಥ ಆಗಬೇಕು ಅಂತ ಕೂತು ತಿದ್ದಿಸಿದೆ, ಗೊಣಗುತ್ತಲೇ ತಿದ್ದಿದರು. ಚಕ್ಕುಬಂದಿಯಲ್ಲಿ, ಅಂದರೆ ಮನೆಯ ನಾಲ್ಕು ದಿಕ್ಕಿನ ಗಡಿ ಬರೆಯುವಲ್ಲಿ, ಪೂರ್ವದ ರಸ್ತೆ ಪಶ್ಚಿಮಕ್ಕೆ ಹೋಗಿತ್ತು. ಟೈಪಿಸ್ಟ್ ತಪ್ಪು ಅಂದರು. ಯಾರದೇ ಆಗಲಿ, ಖಾತಾ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ಓದಿ, ಆಮೇಲೆ ಸಹಿ ಹಾಕಿ.

ಎರಡು ವಿಲ್‌ಗೆ ಎಂಟು ಸಾವಿರ ತೆಗೆದುಕೊಂಡರು. ಜಾಸ್ತಿ ಅನ್ನಿಸಲಿಲ್ಲ. ವಕೀಲರು ಜಾಹೀರಾತು ಮಾಡುವಂತಿಲ್ಲ, ಅದಕ್ಕೇ ಹೆಸರು ಹಾಕಬೇಡಿ ಅಂದಿದ್ದಾರೆ. ಯಾರ ಹತ್ತಿರ ಹೋದರೂ ಖಾತಾ, ಸಾಲದ ಪತ್ರ, ಪಾಲಿಸಿ, ಮಕ್ಕಳ ಜನನ ಪ್ರಮಾಣಪತ್ರ ಎಲ್ಲದರ ಜೆರಾಕ್ಸ್ ಮನೆಯಿಂದಲೇ ಒಯ್ಯಿರಿ. ಇವರ ಆಫೀಸಿನ ಕೆಳಗಿನ ಜೆರಾಕ್ಸ್ ಅಂಗಡಿ ಮಧ್ಯಾಹ್ನ ಮುಚ್ಚಿರುತ್ತದೆ.