ಎನ್‌ಪಿಟೆಲ್ ಕೋರ್ಸುಗಳು: ಪಾಠ ಉಚಿತ, ಪರೀಕ್ಷೆಯ ಲೆಕ್ಕ ಮೊದಲೇ ತಿಳಿದಿರಲಿ

ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ನಡೆಸುವ ಆನ್‌ಲೈನ್ ಕೋರ್ಸುಗಳ ತಾಣ ಎನ್‌ಪಿಟೆಲ್‌ನಲ್ಲಿ ಪಾಠ ಕೇಳಲು ಒಂದು ಪೈಸೆಯೂ ಕೊಡಬೇಕಿಲ್ಲ. ಸರ್ಟಿಫಿಕೇಟ್ ಬೇಕಾದವರು ಮಾತ್ರ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಕೋರ್ಸಿಗೆ ಸೇರುವುದು ಬೇರೆ, ಪರೀಕ್ಷೆಗೆ ನೋಂದಣಿ ಬೇರೆ. ಎರಡಕ್ಕೂ ಒಂದೇ ಇಮೇಲ್ ಕೊಡಿ.

ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಪಾಸಾಗಲು ಅಸೈನ್‌ಮೆಂಟಿನಲ್ಲಿ 10, ಪರೀಕ್ಷೆಯಲ್ಲಿ 30 ಎರಡೂ ಬರಲೇಬೇಕು. ಪರೀಕ್ಷೆಯಲ್ಲಿ 60 ತೆಗೆದರೂ ಅಸೈನ್‌ಮೆಂಟ್ 9ಕ್ಕೆ ನಿಂತರೆ ಸರ್ಟಿಫಿಕೇಟ್ ಸಿಗದು. 12 ವಾರದ ಕೋರ್ಸಿನಲ್ಲಿ ಹೆಚ್ಚು ಅಂಕದ 8 ಅಸೈನ್‌ಮೆಂಟ್‌ಗಳನ್ನಷ್ಟೇ ಹಿಡಿಯುತ್ತಾರೆ. ಕಾಲೇಜಿನ ಇಂಟರ್ನಲ್ಸ್ ಪರೀಕ್ಷೆಯ ವಾರದಲ್ಲಿ ಒಂದೆರಡು ತಪ್ಪಿದರೆ ಗಾಬರಿ ಬೇಡ.

ಪಾಠಗಳ ಗುಣಮಟ್ಟ ಒಂದೇ ಸಮ ಇಲ್ಲ. ಹಳೆಯ ವಿಡಿಯೊಗಳಲ್ಲಿ ಬೋರ್ಡಿನ ಅಕ್ಷರ ಮಸುಕು, ಮಾತೂ ನಿಧಾನ. ಆದರೂ ಒಂದು ಸಮೀಕರಣವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಹೆಜ್ಜೆ ಬಿಡದೆ ಬಿಡಿಸುವ ಮೇಷ್ಟ್ರು ಸಿಗುವುದು ದೊಡ್ಡ ಲಾಭ. ವೇಗ 1.25ಕ್ಕೆ ಇಟ್ಟು, ಕೈಯಲ್ಲಿ ಪೆನ್ನು ಹಿಡಿದೇ ನೋಡಿ.

ಕಾಲೇಜಿನ ಕ್ರೆಡಿಟ್ ಬೇಕಿದ್ದರೆ ಸೇರುವ ಮೊದಲೇ ವಿಭಾಗದ ಮುಖ್ಯಸ್ಥರಿಗೆ ಕೋರ್ಸಿನ ಹೆಸರು, ವಾರಗಳ ಸಂಖ್ಯೆ ತೋರಿಸಿ ಒಪ್ಪಿಗೆ ಪಡೆಯಿರಿ.