ಹಳೇ 2.1 ಸ್ಪೀಕರ್ ಡಬ್ಬಿಗೆ ಹೊಸ ಆಂಪ್ ಬೋರ್ಡ್ ಕೂರಿಸುವವರೇ, ಹಿಂದಿನ ಸಾಕೆಟ್ ಪಟ್ಟಿ ನೋಡಿಕೊಳ್ಳಿ

ಕಂಪ್ಯೂಟರ್ ಪಕ್ಕದ ಹಳೇ 2.1 ಸ್ಪೀಕರ್ ಸೆಟ್ (ಎರಡು ಸಣ್ಣ ಸ್ಪೀಕರ್, ಒಂದು ವೂಫರ್) ಕೆಟ್ಟಿತ್ತು. ಒಳಗಿನ ಟಿಡಿಎ 2030 ಎಂಬ ಹಳೇ ಆಂಪ್ (ಆಂಪ್ಲಿಫೈಯರ್) ಚಿಪ್ಪಿನ ಬೋರ್ಡ್ ಕಿತ್ತು, ಟಿಪಿಎ 3116 ಡಿ2 ಚಿಪ್ಪಿನ ಅಗ್ಗದ 2.1 ಬೋರ್ಡ್ ಹಾಕಿದ್ದಾಯಿತು. ಟ್ರಾನ್ಸ್‌ಫಾರ್ಮರ್ ಹಳೆಯದೇ, ಹಿಂಬದಿಯ ಆರ್‌ಸಿಎ ಸಾಕೆಟ್ ಪಟ್ಟಿಯೂ (ನಡುವೆ ಕಡ್ಡಿ, ಸುತ್ತ ಉಂಗುರ ಇರುವ ಪಿನ್ ಸಿಕ್ಕಿಸುವ ಪಟ್ಟಿ) ಹಳೆಯದೇ. ಸ್ವಿಚ್ ಹಾಕಿದ ಕೂಡಲೇ ಟಿಕ್ ಟಿಕ್ ಅಂತ ಸದ್ದು, ಸ್ವಲ್ಪ ಹೊತ್ತಿಗೆ ಪಟ್ ಅಂತ ಒಂದು ಶಬ್ದ, ಆಮೇಲೆ ಸುಟ್ಟ ವಾಸನೆ. ಒಂದು ಚಿಪ್ ಸೀಳಿತ್ತು, ಕೆಪಾಸಿಟರ್ ಉಬ್ಬಿತ್ತು, ಎಡಗಡೆಯ ಸಣ್ಣ ಸ್ಪೀಕರಿನ ಕಾಯಿಲ್ ಕರಕಲಾಗಿತ್ತು. ವೈರಿಂಗ್ ತಪ್ಪು ಎಂದು ಅಂಗಡಿಯವರು ಬೋರ್ಡ್ ವಾಪಸ್ ತೆಗೆದುಕೊಳ್ಳಲಿಲ್ಲ. ವೈರಿಂಗ್ ತಪ್ಪಿದ್ದದ್ದು ನಿಜ. ಆದರೆ ಈ ತಪ್ಪಿನ ಬಗ್ಗೆ ಬೋರ್ಡಿನ ಜೊತೆ ಒಂದು ಸಾಲಿನ ಚೀಟಿಯೂ ಇರಲಿಲ್ಲ. ಇದೇ ಕೆಲಸಕ್ಕೆ ಕೈ ಹಾಕುವವರು ಬಹಳ ಮಂದಿ ಇದ್ದಾರೆ, ಹಾಗಾಗಿ ಇಷ್ಟು ವಿವರ.

ಮುಖ್ಯ ಅಪರಾಧಿ ಆ ಸಾಕೆಟ್ ಪಟ್ಟಿ. ಟಿಡಿಎ 2030 ಇರುವ ಹಳೇ ಸೆಟ್ಟುಗಳಲ್ಲಿ ಸ್ಪೀಕರಿನ ಮೈನಸ್ ಎಂದರೆ ನೇರ ಗ್ರೌಂಡ್. ಆದ್ದರಿಂದ ತಯಾರಕರು ಎಡ, ಬಲ ಸ್ಪೀಕರ್‌ಗಳ ಮೈನಸ್ಸನ್ನೂ ಆಡಿಯೋ ಇನ್‌ಪುಟ್‌ನ ಗ್ರೌಂಡನ್ನೂ ಒಂದೇ ತಗಡಿಗೆ ಕೂಡಿಸಿಬಿಡುತ್ತಿದ್ದರು. ಅಲ್ಲಿಗೆ ಅದು ಸರಿಯೇ. ಟಿಪಿಎ 3116 ಹಾಗಲ್ಲ. ಅದರಲ್ಲಿ ಸ್ಪೀಕರಿನ ಪ್ಲಸ್, ಮೈನಸ್ ಎರಡೂ ತುದಿಗಳನ್ನು ಆಂಪ್ ಓಡಿಸುತ್ತದೆ. ಎರಡೂ ತುದಿ ಸಪ್ಲೈಯ ಅರ್ಧ ವೋಲ್ಟೇಜಿನಲ್ಲಿ ನಿಂತಿರುತ್ತವೆ. 16 ವೋಲ್ಟ್ ಕೊಟ್ಟರೆ ಎರಡೂ ಕಡೆ ಗ್ರೌಂಡಿಗೆ 8 ವೋಲ್ಟ್ ಡಿಸಿ. ಎರಡೂ ಒಂದೇ ಮಟ್ಟದಲ್ಲಿರುವ ತನಕ ಸ್ಪೀಕರಿಗೆ ಏನೂ ಆಗುವುದಿಲ್ಲ. ಮೈನಸ್ ತುದಿ ತಗಡಿನ ಮೂಲಕ ಗ್ರೌಂಡಿಗೆ ತಾಗಿತೋ, ಆಂಪಿನ ಅರ್ಧಭಾಗ ನೇರ ಶಾರ್ಟ್. ಇತ್ತ ಕಾಯಿಲಿನ ಮೇಲೆ 8 ವೋಲ್ಟ್ ಡಿಸಿ. 4 ಓಮ್ ಸ್ಪೀಕರಿನ ಕಾಯಿಲನ್ನು ಮೀಟರಿನಲ್ಲಿ ಅಳೆದರೆ ಸುಮಾರು 3.5 ಓಮ್ ಬರುತ್ತದೆ, ಅಂದರೆ 18 ವ್ಯಾಟ್ ಬಿಸಿ ಒಂದೇ ಸಮನೆ. ಅಷ್ಟು ಸಣ್ಣ ಕಾಯಿಲ್ ಇದನ್ನು ಹೇಗೆ ತಡೆದೀತು?

ಆ ಟಿಕ್ ಟಿಕ್ ಸದ್ದು ಚಿಪ್ಪಿನ ಕೂಗು. ಶಾರ್ಟ್ ಕಂಡಾಗ ಚಿಪ್ ತಾನಾಗಿ ಆಫ್ ಆಗುತ್ತದೆ. ಬೋರ್ಡಿನಲ್ಲಿ ಅದು ಮತ್ತೆ ಎದ್ದೇಳುವಂತೆ ಜೋಡಿಸಿರುತ್ತಾರೆ, ಎದ್ದು ಮತ್ತೆ ಬೀಳುತ್ತದೆ. ಈ ಸದ್ದು ಕೇಳಿದರೆ ವಾಲ್ಯೂಮ್ ತಿರುಗಿಸಿ ನೋಡುವುದಲ್ಲ, ತಕ್ಷಣ ಪವರ್ ತೆಗೆಯಿರಿ.

ತಪಾಸಣೆಗೆ ಹತ್ತು ಸೆಕೆಂಡ್ ಸಾಕು. ಪವರ್ ಇಲ್ಲದಾಗ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಎಡ ಸಾಕೆಟ್ಟಿನ ಹೊರ ಉಂಗುರ, ಬಲದ ಹೊರ ಉಂಗುರ, ಇನ್‌ಪುಟ್ಟಿನ ಹೊರ ಉಂಗುರ ಇವುಗಳ ನಡುವೆ ಮುಟ್ಟಿಸಿ. ಎಲ್ಲಿ ಬೀಪ್ ಬಂದರೂ ಆ ಪಟ್ಟಿಯನ್ನು ಸ್ಪೀಕರಿಗೆ ಬಳಸಬೇಡಿ. ಸ್ಪೀಕರ್ ವೈರಿನ ಆರ್‌ಸಿಎ ಪಿನ್ ಕತ್ತರಿಸಿ, ಕೆಂಪು ಕಪ್ಪು ಗುಂಡಿ ಒತ್ತಿ ವೈರ್ ಸಿಕ್ಕಿಸುವ ಪ್ಲಾಸ್ಟಿಕ್ ಟರ್ಮಿನಲ್ ಹಾಕಿ. ನಾಲ್ಕು ತಂತಿಯೂ ಬೇರೆಬೇರೆಯಾಗಿಯೇ ಬೋರ್ಡಿಗೆ ಹೋಗಬೇಕು. ಈ ಬೋರ್ಡಿನ ಸ್ಪೀಕರ್ ಔಟಿನಿಂದ ಹೆಡ್‌ಫೋನ್ ಜ್ಯಾಕ್ ಎಳೆಯುವುದೂ ಇದೇ ಕಾರಣಕ್ಕೆ ಕೂಡದು, ಹೆಡ್‌ಫೋನಿನಲ್ಲಿ ಎರಡೂ ಮೈನಸ್ ಒಂದೇ. ಐದು ವೋಲ್ಟಿನ ಪುಟ್ಟ ಪಿಎಎಂ 8403 ಆಂಪ್ ಬೋರ್ಡಿಗೂ ಈ ಮಾತು ಅನ್ವಯ.

ಎರಡನೆಯ ತಪ್ಪು ಟ್ರಾನ್ಸ್‌ಫಾರ್ಮರಿನದು. ಹಳೇ ಸೆಟ್ಟಿನೊಳಗೆ ಸಾಮಾನ್ಯವಾಗಿ 12-0-12 (ಮಧ್ಯದ ತಂತಿಯಿಂದ ಎರಡು ತುದಿಗೂ 12 ವೋಲ್ಟ್) ಇರುತ್ತದೆ. ಮಧ್ಯದ ತಂತಿ ಬಿಟ್ಟು ಎರಡು ತುದಿಗೆ ನಾಲ್ಕು ಡಯೋಡಿನ ಬ್ರಿಡ್ಜ್ ಹಾಕಿದರೆ 24 ವೋಲ್ಟ್ ಎಸಿಯಿಂದ ಸುಮಾರು 33 ವೋಲ್ಟ್ ಡಿಸಿ ಹುಟ್ಟುತ್ತದೆ. ಲೋಡ್ ಇಲ್ಲದಾಗ ಇನ್ನೂ ಜಾಸ್ತಿ. ಟಿಪಿಎ 3116 ಕೆಲಸ ಮಾಡಬೇಕಾದದ್ದು 26 ವೋಲ್ಟಿನೊಳಗೆ, 30 ದಾಟಿದರೆ ಅದರ ಗತಿ ಮುಗಿಯಿತು. ಅಗ್ಗದ ಬೋರ್ಡುಗಳಲ್ಲಿ 25 ವೋಲ್ಟಿನ ಕೆಪಾಸಿಟರ್ ಇರುವುದೂ ಉಂಟು. ಅಂಥವಕ್ಕೆ 24 ವೋಲ್ಟ್ ಅಡಾಪ್ಟರ್ ಕೂಡ ಹೆಚ್ಚೇ, ಕೊಳ್ಳುವ ಮೊದಲು ಕೆಪಾಸಿಟರಿನ ಮೈಮೇಲೆ ಬರೆದದ್ದನ್ನು ಓದಿ.

ಸರಿಯಾದ ದಾರಿ ಹೀಗೆ: ಎರಡು 1ಎನ್ 5408 ಡಯೋಡ್ ತೆಗೆದುಕೊಂಡು ಪಟ್ಟೆಯಿಲ್ಲದ ತುದಿಗಳನ್ನು ಎರಡು 12 ವೋಲ್ಟ್ ತಂತಿಗಳಿಗೆ ಒಂದೊಂದಾಗಿ ಹಾಕಿ. ಪಟ್ಟೆಯಿರುವ ತುದಿಗಳೆರಡನ್ನೂ ಕೂಡಿಸಿದರೆ ಅದೇ ಪ್ಲಸ್. ಮಧ್ಯದ ತಂತಿ ಮೈನಸ್. ನಡುವೆ 4700 ಮೈಕ್ರೋಫ್ಯಾರಡ್, 35 ವೋಲ್ಟಿನ ಕೆಪಾಸಿಟರ್. ಸುಮಾರು 16 ವೋಲ್ಟ್ ಸಿಗುತ್ತದೆ, ಮನೆಗೆ ಇದು ಧಾರಾಳ. ಬೋರ್ಡಿನ ಮೇಲಿನ "100 ವ್ಯಾಟ್" ನಂಬಿ ಹೆಚ್ಚು ವೋಲ್ಟೇಜಿಗೆ ಆಸೆಪಡಬೇಡಿ. ಚಿಪ್ ತಯಾರಿಸಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಹೇಳುವ 100 ವ್ಯಾಟ್, 21 ವೋಲ್ಟಿನಲ್ಲಿ 2 ಓಮ್ ಸ್ಪೀಕರಿಗೆ. ನಿಮ್ಮ 4 ಓಮ್ ವೂಫರಿಗೆ 16 ವೋಲ್ಟಿನಲ್ಲಿ ಸ್ವಚ್ಛವಾಗಿ ಸಿಗುವುದು ಹೆಚ್ಚೆಂದರೆ 32 ವ್ಯಾಟ್, ಅದೂ ಟ್ರಾನ್ಸ್‌ಫಾರ್ಮರಿಗೆ ಕರೆಂಟ್ ಕೊಡುವ ತಾಕತ್ತಿದ್ದರೆ.

ಮೊದಲ ಸಲ ಪವರ್ ಕೊಡುವಾಗ ಸ್ಪೀಕರ್ ಇರಲೇಬಾರದು. ಪ್ಲಸ್ ತಂತಿಯ ಸಾಲಿನಲ್ಲಿ ಲಾರಿಯ 24 ವೋಲ್ಟ್, 21 ವ್ಯಾಟ್ ಬಲ್ಬ್ ಹಾಕಿ. ಮಿಣುಕಿ ಆರಿದರೆ ಸರಿ, ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಆಮೇಲೆ ಪ್ರತಿ ಔಟ್‌ಪುಟ್ಟಿನ ಪ್ಲಸ್ಸಿಗೂ ಮೈನಸ್ಸಿಗೂ ನಡುವೆ ಡಿಸಿ ಅಳೆಯಿರಿ. 50 ಮಿಲಿವೋಲ್ಟಿಗಿಂತ ಹೆಚ್ಚಿದ್ದರೆ ಆ ಚಾನೆಲ್ಲಿಗೆ ಸ್ಪೀಕರ್ ಹಾಕಬೇಡಿ. ಹೀಟ್‌ಸಿಂಕನ್ನೂ ಒಮ್ಮೆ ಎತ್ತಿ ನೋಡಿ: 3116ರ ಶಾಖ ಹೊರಬರುವುದು ಚಿಪ್ಪಿನ ನೆತ್ತಿಯ ಲೋಹದ ತುಂಡಿನಿಂದ. ಅಲ್ಲಿ ಎರಡೂ ಕಡೆ ಅಂಟುವ ಟೇಪ್ ಇದ್ದರೆ ಕಿತ್ತು ಥರ್ಮಲ್ ಪೇಸ್ಟ್ ಹಚ್ಚಿ.

ಇನ್ನು ಕಂಪ್ಯೂಟರ್ ಜೋಡಣೆ. ಮನೆಯ ಪ್ಲಗ್ಗಿನಲ್ಲಿ ಅರ್ತಿಂಗ್ ಇಲ್ಲದಿದ್ದರೆ, ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬಿಯಾದ ಎಸ್‌ಎಂಪಿಎಸ್ಸಿನೊಳಗೆ ಫೇಸಿನಿಂದಲೂ ನ್ಯೂಟ್ರಲ್ಲಿನಿಂದಲೂ ಲೋಹದ ಮೈಗೆ ಹೋಗುವ ಎರಡು ಸಣ್ಣ ಕೆಪಾಸಿಟರುಗಳ ದೆಸೆಯಿಂದ ಕ್ಯಾಬಿನೆಟ್ಟಿನ ಮೇಲೆ 230ರ ಅರ್ಧ, ಸುಮಾರು 115 ವೋಲ್ಟ್ ಎಸಿ ನಿಂತಿರುತ್ತದೆ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಎನ್ನುವುದು ಇದೇ. ಕರೆಂಟ್ ಅಲ್ಪ, ಆದರೆ ಆರ್‌ಸಿಎ ಪಿನ್ನಿನಲ್ಲಿ ನಡುವಿನ ಕಡ್ಡಿ ಹೊರ ಉಂಗುರಕ್ಕಿಂತ ಮೊದಲು ತಾಗುವುದರಿಂದ ಆ ಲೀಕೇಜ್ ಸಿಗ್ನಲ್ ದಾರಿಯಲ್ಲೇ ನುಗ್ಗಿ ಆಂಪಿನ ಇನ್‌ಪುಟ್ಟನ್ನೋ ಮದರ್‌ಬೋರ್ಡಿನ ಹಸಿರು ಜ್ಯಾಕನ್ನೋ ಹಾಳುಮಾಡಬಲ್ಲದು. ಆಡಿಯೋ ಕೇಬಲ್ ಸಿಕ್ಕಿಸುವಾಗ ಕಂಪ್ಯೂಟರ್, ಆಂಪ್ ಎರಡರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತಿಡಿ, ಅರ್ತಿಂಗನ್ನು ಎಲೆಕ್ಟ್ರಿಷಿಯನ್ ಕರೆದು ಸರಿಮಾಡಿಸಿ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಕನ್ವರ್ಟರ್ ಹಾಕಿ ಹಮ್ ಸದ್ದು ಕಡಿಮೆ ಮಾಡುವ ಉಪಾಯವನ್ನು ಯಾರು ಹೇಳಿದರೂ ಕೇಳಬೇಡಿ, ಪ್ರಾಣಕ್ಕೆ ಅಪಾಯ. ಹಮ್ಮಿಗೆ 600 ಓಮ್ ಆಡಿಯೋ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರ್ ಸಿಗುತ್ತದೆ. ಅಗ್ಗದ್ದರಲ್ಲಿ ಬಾಸ್ ಸ್ವಲ್ಪ ತಗ್ಗುತ್ತದೆ, ಅಷ್ಟೇ.

ಕಂಪ್ಯೂಟರಿನ ಎಸ್‌ಎಂಪಿಎಸ್ಸಿನ ಹಳದಿ ತಂತಿಯಿಂದ 12 ವೋಲ್ಟ್ ಕದ್ದು ಆಂಪ್ ಓಡಿಸುವುದೂ ಬೇಡ. ಕಪ್ಪು ತಂತಿ ಒಮ್ಮೆ ಸಡಿಲವಾದರೆ ಆಂಪಿನ ಇಡೀ ಕರೆಂಟ್ ಆಡಿಯೋ ಕೇಬಲ್ಲಿನ ತೆಳು ಜಾಲರಿಯಲ್ಲಿ ಹರಿದು ಮದರ್‌ಬೋರ್ಡಿನ ಜ್ಯಾಕ್ ಮೂಲಕ ವಾಪಸ್ ಹೋಗುತ್ತದೆ. ಅದು ಸುಟ್ಟರೆ ಆಂಪ್ ಬೋರ್ಡಿನ ಬೆಲೆಗೆ ರಿಪೇರಿಯಾಗುವುದಿಲ್ಲ.