ಐದು ನಕ್ಷತ್ರಕ್ಕೆ ಕಾಲು ಕಿಲೋ ಕಾಫಿಪುಡಿ

ಕಳೆದ ಆಷಾಢದಲ್ಲಿ ಹಾಸನದಿಂದ ಬೇಲೂರು ಮಾರ್ಗವಾಗಿ ಹೋಗಿ, ಚಿಕ್ಕಮಗಳೂರು ತಾಲ್ಲೂಕಿನ ಕಾಫಿ ತೋಟವೊಂದರ ಹೋಂಸ್ಟೇಯಲ್ಲಿ ಎರಡು ರಾತ್ರಿ ತಂಗಿದ್ದೆವು. ಊಟ, ತಿಂಡಿ ಸೇರಿ ದಿನಕ್ಕೆ ತಲೆಗೆ 2,200 ರೂಪಾಯಿ. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಆ ಮನೆಯ ಜೊತೆಗೆ, ನಮ್ಮನ್ನು ಅಲ್ಲಿಗೆ ಕಳುಹಿಸಿದ 212 ಆನ್‌ಲೈನ್ ಅಭಿಪ್ರಾಯಗಳನ್ನೂ ಅವುಗಳ ಸರಾಸರಿಯಾದ 4.8 ನಕ್ಷತ್ರಗಳನ್ನೂ ತೂಗಿ ನೋಡುವುದು ನನ್ನ ಉದ್ದೇಶ.

ಊಟದ ವಿಷಯದಲ್ಲಿ ಆ ಅಭಿಪ್ರಾಯಗಳು ಸುಳ್ಳಾಡಿರಲಿಲ್ಲ. ಬೆಳಿಗ್ಗೆ ಕೆಂಡದ ಮೇಲೆ ಉಬ್ಬಿದ ಅಕ್ಕಿ ರೊಟ್ಟಿ, ಮಧ್ಯಾಹ್ನ ಕಳಲೆ ಪಲ್ಯ, ರಾತ್ರಿ ಕಡುಬು ಮತ್ತು ಕೋಳಿಸಾರು. ಬಡಿಸಿದ ಅಜ್ಜಿ ‘ಇನ್ನೊಂದು ಹಾಕ್ಸ್ಕಳಿ’ ಎಂದು ಬಿಡದೆ ಉಪಚರಿಸಿದರು. ಆದರೆ ‘ತೋಟದೊಳಗೇ ಜಲಪಾತ’ ಎಂದು ಹತ್ತಾರು ಮಂದಿ ಕೊಂಡಾಡಿದ್ದು ಮೊಣಕಾಲೆತ್ತರದಿಂದ ಬೀಳುವ ಒಂದು ಹಳ್ಳ. ಹಾಸಿಗೆಯಲ್ಲಿ ಬೂಷ್ಟಿನ ವಾಸನೆಯಿತ್ತು, ಸಂಜೆ ಹೋದ ಕರೆಂಟು ಮರುದಿನವೇ ಬಂದಿತು, ಜನರೇಟರ್ ಊಟದ ಮನೆಗೆ ಮಾತ್ರ ಮೀಸಲಾಗಿತ್ತು. ಇಂಬಳಗಳ ಸುದ್ದಿಯನ್ನು ಒಬ್ಬರೂ ಎತ್ತಿರಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಇಂಬಳ ಕಚ್ಚಿತೆಂದು ದೂರುವುದು ನ್ಯಾಯವಲ್ಲ, ಆದರೂ ಸುಣ್ಣವನ್ನೋ ಉಪ್ಪನ್ನೋ ಜೊತೆಗೊಯ್ಯಿರಿ ಎಂದು ಒಂದು ಸಾಲು ಬರೆಯಬಹುದಿತ್ತು.

ಈ ಮೌನದ ಕಾರಣ ಹೊರಡುವ ದಿನ ತಿಳಿಯಿತು. ಲೆಕ್ಕ ಚುಕ್ತಾ ಮಾಡುವ ಮೇಜಿನ ಮೇಲೆ ಕ್ಯೂಆರ್ ಕೋಡ್ ಅಂಟಿಸಿದ ಹಲಗೆಯಿತ್ತು. ಮೇಲ್ವಿಚಾರಣೆಯ ಹುಡುಗ, ‘ಐದು ಸ್ಟಾರ್ ಕೊಟ್ಟು ನನ್ನ ಹೆಸರು ಬರೀರಿ ಸಾರ್, ಓನರ್ ನೋಡ್ತಾರೆ’ ಎನ್ನುತ್ತ ಕಾಲು ಕಿಲೋ ಕಾಫಿಪುಡಿಯ ಪೊಟ್ಟಣವನ್ನು ಮುಂದಿಟ್ಟ. ನಾನು ಬ್ಯಾಗು ಜೋಡಿಸಿ ಬರುವಷ್ಟರಲ್ಲಿ ನಮ್ಮ ಯಜಮಾನರು ಬರೆದು ಮುಗಿಸಿದ್ದರು. ಪೊಟ್ಟಣ ಅವರ ಕೈಯಲ್ಲಿತ್ತು. ಅದೇ ಹುಡುಗನ ಹೆಸರು ಹಿಂದಿನ ಎಷ್ಟೋ ಅಭಿಪ್ರಾಯಗಳಲ್ಲಿ ಏಕೆ ಮರುಕಳಿಸಿತ್ತು ಎಂಬುದು ಆಗ ಅರ್ಥವಾಯಿತು. ಎದುರಿಗೆ ನಿಂತವನ ಸಂಬಳವೋ ಭಕ್ಷೀಸೋ ನಮ್ಮ ಬೆರಳಿನ ಮೇಲಿದೆ ಎನ್ನಿಸಿದಾಗ ಹಾಸಿಗೆಯ ಬೂಷ್ಟನ್ನು ಬರೆಯಲು ಎಲ್ಲರಿಗೂ ಮನಸ್ಸು ಬಾರದು.

ಇದಕ್ಕೊಂದು ಮಾನದಂಡ ಇಲ್ಲದಿಲ್ಲ. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಆನ್‌ಲೈನ್ ಗ್ರಾಹಕ ವಿಮರ್ಶೆಗಳ ಸಂಗ್ರಹ, ಪರಿಶೀಲನೆ ಮತ್ತು ಪ್ರಕಟಣೆಗಾಗಿ ಐಎಸ್ 19000:2022 ಎಂಬ ಮಾನಕವನ್ನು ತಂದಿತು. ಬರೆದವರು ಯಾರೆಂದು ಇಮೇಲ್, ಫೋನ್ ಮುಂತಾದ ದಾರಿಗಳಿಂದ ಖಚಿತಪಡಿಸಿಕೊಳ್ಳುವುದೂ ಅದರಲ್ಲಿದೆ. ಅದನ್ನು ಹೊರಡಿಸಿದಾಗ ಪಾಲನೆಯನ್ನು ಸ್ವಯಂಪ್ರೇರಣೆಗೆ ಬಿಡಲಾಯಿತು. ಅಷ್ಟಕ್ಕೂ, ನಮ್ಮ ಯಜಮಾನರ ಫೋನ್ ನಂಬರನ್ನು ಎಷ್ಟು ಪರೀಕ್ಷಿಸಿದರೂ ಅದು ಅಸಲಿಯೇ. ಪೊಟ್ಟಣದ ಸುದ್ದಿ ಅದರಿಂದ ಹೊರಬೀಳುವುದಿಲ್ಲ. ಆ ಪೊಟ್ಟಣದ ಮೇಲಾದರೋ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಅಚ್ಚಾಗಿತ್ತು. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆಯಿರಬಾರದು, ಪ್ರಮಾಣವನ್ನು ಮುದ್ರಿಸಲೇಬೇಕು ಎಂಬುದು ಆಹಾರ ಸುರಕ್ಷತೆಯ ನಿಯಮ. 4.8ರ ಪಕ್ಕದಲ್ಲಿ ಅಂಥ ಮುದ್ರೆಯೇನೂ ಇರಲಿಲ್ಲ.

ಮನೆಗೆ ಬಂದು, ಊಟವನ್ನು ಹೊಗಳಿ, ಉಳಿದದ್ದನ್ನು ಇದ್ದಂತೆಯೇ ಬರೆದು ಮೂರು ನಕ್ಷತ್ರ ಕೊಟ್ಟೆ. ನಮ್ಮ ಮನೆಯ ಐದೂ ಮೂರೂ ಸೇರಿದ ಮೇಲೆ ಲೆಕ್ಕ ಹಾಕಿದರೆ ಸರಾಸರಿ 4.79, ಪರದೆಯ ಮೇಲೆ ಕಾಣುವುದು ಅದೇ 4.8. ಆಗಲೇ ಹಳೆಯದನ್ನೆಲ್ಲ ಕೆದಕುತ್ತ ಹೋದಾಗ, ಹಿಂದಿನ ಮಳೆಗಾಲದಲ್ಲಿ ಯಾರೋ ಮೂರು ನಕ್ಷತ್ರ ಕೊಟ್ಟು ಹಾಸಿಗೆಯ ವಾಸನೆ, ಜನರೇಟರ್ ಎರಡನ್ನೂ ಸವಿವರವಾಗಿ ಬರೆದಿದ್ದು ಸಿಕ್ಕಿತು. ಹೊರಡುವ ಮುನ್ನ ಅದನ್ನು ದಾಟಿ ಬಂದವಳು ನಾನೇ.

ವಾರದ ನಂತರ ಮಾಲೀಕರು ಕರೆ ಮಾಡಿ, ಮುಂದಿನ ಸಲ ರಿಯಾಯಿತಿ ಕೊಡುವುದಾಗಿಯೂ ಇನ್ನೆರಡು ನಕ್ಷತ್ರ ಸೇರಿಸಬೇಕೆಂದೂ ವಿನಯದಿಂದಲೇ ಕೇಳಿದರು. ಹಾಸಿಗೆ ಬದಲಾಯಿಸಿದರೆ ಖಂಡಿತ ಸೇರಿಸುತ್ತೇನೆ ಎಂದೆ. ಕಡುಬಿಗಾಗಿ ಚಳಿಗಾಲದಲ್ಲಿ ಮತ್ತೆ ಹೋಗುವ ಯೋಚನೆಯಂತೂ ಇದೆ.